ಕೈ ಹಿಂದೆ ಕಟ್ಟಿ ನಿಂತ ನೋಟಿಸ್ ತಿಂಗಳು

ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಅಪ್ಪ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡಿದವರು, ಅವ್ವ ಮಂಡಕ್ಕಿ ಭಟ್ಟಿಯ ಬಿಸಿ ಉಂಡವಳು. ಬಿ.ಎಸ್ಸಿ. ಕೆಮಿಸ್ಟ್ರಿ ನನಗೆ ಪುಕ್ಕಟೆ ಸಿಕ್ಕಿದ್ದಲ್ಲ, ಹಾಗಾಗಿ ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಸಂಕಟವಿದ್ದದ್ದು ಬೇರೆ. ಕರೂರು ಕೈಗಾರಿಕಾ ಪ್ರದೇಶದ ಪಶು ಆಹಾರ ಕಾರ್ಖಾನೆಯಲ್ಲಿ ನಾನಿದ್ದದ್ದು ಡಿಸ್ಪ್ಯಾಚ್ ವಿಭಾಗದಲ್ಲಿ. ಯಾವ ಲಾರಿಗೆ ಯಾವ ಚೀಲ, ಯಾವ ಊರು ಮೊದಲು ಎನ್ನುವುದರಲ್ಲೇ ವರ್ಷಗಳು ಹೋದವು. ಕೆಮಿಸ್ಟ್ರಿಯ ಗಾಳಿ ಕೂಡ ಅಲ್ಲಿ ಸುಳಿಯುತ್ತಿರಲಿಲ್ಲ.

ಅಷ್ಟರಲ್ಲಿ ಹರಿಹರದಲ್ಲಿರುವ ನಮ್ಮದೇ ಇನ್ನೊಂದು ಘಟಕದ ಲ್ಯಾಬಿನಲ್ಲಿ ಜಾಗ ಖಾಲಿಯಾಯಿತು. ಇಂಟರ್‌ವ್ಯೂ ಕೊಟ್ಟೆ, ಆಯ್ಕೆಯಾದೆ. ಲ್ಯಾಬಿನ ಮುಖ್ಯಸ್ಥೆ ನೇರ ಮಾತಿನವರು. "ಒಂದು ತಿಂಗಳು ಕಾಯ್ತೀನಿ. ಬರಲಿಲ್ಲ ಅಂದ್ರೆ ಹೊರಗಿನೋರನ್ನ ತಗೋತೀನಿ" ಎಂದರು. ಕಂಪನಿಯ ನಿಯಮವೂ ಒಂದು ತಿಂಗಳದ್ದೇ. ವಿಭಾಗ ಬಿಡುವವರು ನೋಟಿಸ್ ಕೊಟ್ಟು, ಬದಲಿಯವರಿಗೆ ಕೆಲಸ ಒಪ್ಪಿಸಿ, ಹಳೆಯ ಮ್ಯಾನೇಜರರ ಸಹಿ ಪಡೆದು ಹೊರಡಬೇಕು. ಸಹಿ ಆಗದಿದ್ದರೆ ಬಿಡುಗಡೆಯೂ ಇಲ್ಲ.

ನಮ್ಮ ಮ್ಯಾನೇಜರರು ಕೆಟ್ಟವರಲ್ಲ, ನನ್ನ ಮೇಲೆ ಭಾರ ಹಾಕಿ ಹಾಯಾಗಿದ್ದವರು. ನೋಟಿಸ್ ಓದಿ ಡ್ರಾಯರಿಗೆ ಸೇರಿಸಿದರು.

"ಹರಿಹರಕ್ಕೆ ಹೋಗಿ ಏನ್ ಮಾಡ್ತೀಯ ತಾಯಿ? ಅಲ್ಲಿರೋದು ಬರೇ ಗಾಜಿನ ಸೀಸೆ. ಇಲ್ಲಿ ಇಷ್ಟು ಮಂದಿ ಡ್ರೈವರ್ರು ನಿನ್ ಮಾತಿಗೆ ಕುಣೀತಾರೆ."

"ನಾನು ಓದಿದ್ದು ಸೀಸೆದ್ದೇ ಅಲ್ಲೇನ್ ಸಾರ್."

ನಕ್ಕರು. ವೇಬ್ರಿಡ್ಜಿನಲ್ಲಿ ಲಾರಿ ತೂಕ ಬರೆಯುವ ಗುಮಾಸ್ತರನ್ನು ಕರೆಸಿ, "ಇವರು ಪೂರಾ ಕಲೀಲಿ, ಆಮ್ಯಾಲೆ ಸಹಿ" ಎಂದರು.

ಗುಮಾಸ್ತರು ನನಗಿಂತ ಹಿರಿಯರು, ಸಾಧು ಮನುಷ್ಯ. ಡ್ರೈವರುಗಳ ದನಿ ಏರಿತೆಂದರೆ ಅವರ ದನಿ ಇಳಿಯುತ್ತಿತ್ತು. ಯಾರು ಏನು ಕೇಳಿದರೂ "ಮೇಡಮ್ಮನ್ನ ಕೇಳ್ರಿ" ಅನ್ನುವರು. ಹೇಳಿಕೊಡುವುದಕ್ಕಿಂತ ಮಾಡಿ ಮುಗಿಸುವುದೇ ಸುಲಭವೆಂದು ನಾನೂ ಮಾಡಿಬಿಡುತ್ತಿದ್ದೆ. ಅರ್ಧ ತಿಂಗಳು ಹೀಗೇ ಸರಿಯಿತು. ಮ್ಯಾನೇಜರರು ದಿನಾ ಇಣುಕಿ ನೋಡಿ, "ಇನ್ನೂ ಕಲೀಬೇಕು ಬಿಡು" ಎಂದು ಹೋಗುತ್ತಿದ್ದರು. ಆ ಮಾತಿನಲ್ಲಿ ಬೇಸರವೇನೂ ಇರುತ್ತಿರಲಿಲ್ಲ.

ಒಂದು ಸಂಜೆ ವಿನೋಬನಗರದ ಮನೆಯಲ್ಲಿ ಅವ್ವ ಮೆಂತ್ಯ ಸೋಸುತ್ತ ನನ್ನ ಗೋಳು ಕೇಳಿಸಿಕೊಂಡಳು.

"ಅವ್ನು ಕಲಿಯೋ ಹೊತ್ನಾಗೆ ನಿನ್ ಕೈ ಎಲ್ಲಿರ್ತಾವೆ?"

"ಇನ್ನೆಲ್ಲಿ? ಕಂಪ್ಯೂಟರ್ ಮ್ಯಾಲೆ."

"ಮತ್ತೆ ಅವ್ನು ಹೆಂಗೆ ಕಲೀತಾನೆ ಮಾರಾಯ್ತಿ?"

ಮಂಡಕ್ಕಿ ಭಟ್ಟಿಯ ರೂಢಿಯೊಂದನ್ನು ಅವ್ವ ನೆನಪಿಸಿದಳು. ಒಲೆಯನ್ನು ಹೊಸಬರಿಗೆ ಒಪ್ಪಿಸುವಾಗ ಹಳಬರು ಪಕ್ಕದಲ್ಲೇ ನಿಲ್ಲಬೇಕು, ಕೈ ಹಿಂದೆ ಕಟ್ಟಿಕೊಂಡು. ಹೇಳುವುದನ್ನೆಲ್ಲ ಮೊದಲೇ ಹೇಳಿಬಿಡಬೇಕು. ಕಾದ ಮರಳಿಗೆ ಅಕ್ಕಿ ಬಿದ್ದ ಮೇಲೆ ಬಾಯಿ ಬಿಡುವಂತಿಲ್ಲ. ಸೀದು ಕರಿಯಾದರೂ ಅವರ ಕೈಯಿಂದ ಜರಡಿ ಕಸಿಯುವಂತಿಲ್ಲ.

"ಒಂದ್ ಸಲ ಸೀಯಿಸ್ದೋರು ಮತ್ತೆ ಸೀಯಿಸಲ್ಲ. ನೀ ಕಸ್ಕಂಡ್ಯೋ, ಸಾಯೋತನ ಆ ಒಲಿ ಮುಂದೆ ನೀನೇ."

ಮರುದಿನ ನನ್ನ ಕುರ್ಚಿಯಲ್ಲಿ ಗುಮಾಸ್ತರನ್ನು ಕೂರಿಸಿದೆ. ಹರಿಹರ, ಮಲೇಬೆನ್ನೂರು ಎರಡೂ ಕಡೆಗೆ ಒಂದೇ ಲಾರಿ ಹೋಗಬೇಕಿತ್ತು. "ಕೊನೇ ಊರಿನ ಚೀಲ ಮೊದಲು ಒಳಗೆ, ಮೊದಲ ಊರಿಂದು ಬಾಗಿಲ ಹತ್ರ" ಎಂದು ಹೇಳಿ, ಕಿಟಕಿಯ ಬಳಿ ಕೈ ಹಿಂದೆ ಕಟ್ಟಿ ನಿಂತೆ. ಅವರು ತಲೆಯಾಡಿಸಿದರು. ಹೊರಗೆ ಹೋಗಿ ಹಮಾಲರಿಗೆ ಪೂರಾ ಉಲ್ಟಾ ಹೇಳಿದರು. ಹರಿಹರದ ಚೀಲಗಳೆಲ್ಲ ಒಳತುದಿಗೆ ಹೋದವು. ಕೂಗಿ ತಡೆಯಬೇಕೆನಿಸಿತು. ಹಿಂದೆ ಕಟ್ಟಿದ ಕೈ ಇನ್ನಷ್ಟು ಬಿಗಿದೆ.

ಚಹಾ ಕುಡಿದು ಬಂದ ಡ್ರೈವರ್, ತಾಡಪಾಲು ಬಿಗಿದಿದ್ದ ಲಾರಿ ಹತ್ತುತ್ತ ಕಿಟಕಿಯತ್ತ ನೋಡಿದ. "ಏನ್ರೀ ಅಕ್ಕಾರ, ಮೇಷ್ಟ್ರು ಶಿಕ್ಷೆ ಕೊಟ್ಟಂಗೆ ನಿಂತೀರಲ್ಲ?"

"ನೋಟಿಸ್‌ನಾಗೆ ಇದೀನಪ್ಪ."

"ಇಂಥ ನೋಟಿಸ್ ಎಲ್ಲೂ ನೋಡಿಲ್ಲ ಬಿಡ್ರಿ."

ಹರಿಹರ ಮುಟ್ಟಿದ ಮೇಲೆ ಅವನ ಫೋನು ನನಗೇ ಬಂತು. ಸ್ಪೀಕರ್ ಒತ್ತಿ ಗುಮಾಸ್ತರ ಮುಂದಿಟ್ಟೆ.

"ಯಾವನ್ರೀ ಲೋಡ್ ಮಾಡಿಸ್ದೋನು? ಇಲ್ಲಿಂದು ತೆಗೀಬೇಕಂದ್ರೆ ಮಲೇಬೆನ್ನೂರಿನ ಮಾಲು ಪೂರಾ ರೋಡಿಗೆ ಇಳಿಸ್ಬೇಕು!"

ಗುಮಾಸ್ತರು ನನ್ನ ಕಡೆ ನೋಡಿದರು, ನಾನು ಹೊರಗೆ ನೋಡಿದೆ. ಕೊನೆಗೆ ಅವರೇ ಬಾಗಿ, "ನಾನೇರಿ. ತಪ್ಪಾತು. ಇಳಿಸಿ ಮತ್ತೆ ಏರಿಸ್ರಿ" ಎಂದರು.

ಆ ಚೀಲಗಳನ್ನು ಎರಡೆರಡು ಸಲ ಹೊತ್ತವರ ಬೆನ್ನು ನನಗೆ ಗೊತ್ತು. ಅಪ್ಪನದೂ ಅಂಥದೇ ಬೆನ್ನು. ಆ ಮಧ್ಯಾಹ್ನ ಬುತ್ತಿ ಸೇರಲಿಲ್ಲ. ಆದರೂ ಕೈ ಬಿಚ್ಚಲಿಲ್ಲ.

ಮ್ಯಾನೇಜರರು ಧುಮುಗುಟ್ಟುತ್ತ ಬಂದರು. "ನೋಡ್ಕಂತ ನಿಂತಿದ್ಯಲ್ಲ, ಬಾಯಿ ಬಿಡಾಕೆ ಏನಾಗಿತ್ತು?"

"ನೋಟಿಸ್ ತಿಂಗಳು ಇರೋದು ನಾನ್ ಕೆಲಸ ಮಾಡಾಕಲ್ಲ ಸಾರ್, ಇವ್ರು ಮಾಡಾಕೆ. ನಾನೇ ಮಾಡ್ತಾ ಹೋದ್ರೆ ನೀವು ಯಾವತ್ತೂ ಸಹಿ ಹಾಕಲ್ಲ, ಅದು ನನಗೂ ಗೊತ್ತು, ನಿಮಗೂ ಗೊತ್ತು."

ಅವರು ಗುಮಾಸ್ತರತ್ತ ತಿರುಗಿ, "ನಾಳೆ ಅದೇ ರೂಟಿಗೆ ಹೆಂಗೆ ತುಂಬಿಸ್ತೀರಿ?" ಎಂದರು.

"ಮಲೇಬೆನ್ನೂರು ಒಳಗೆ, ಹರಿಹರ ಬಾಗ್ಲಿಗೆ. ಸತ್ರೂ ಮರೆಯಲ್ಲ ಸಾರ್."

ಅಲ್ಲಿಂದ ಮುಂದೆ ಗುಮಾಸ್ತರು ಡ್ರೈವರುಗಳಿಗೆ ತಮ್ಮ ನಂಬರನ್ನೇ ಕೊಟ್ಟರು. ಒಂದು ದಿನ ಯಾರಿಗೋ ದನಿ ಏರಿಸಿದ್ದೂ ಕೇಳಿಸಿತು, ನನಗೆ ಹಬ್ಬದಂತಾಯಿತು. ತಿಂಗಳು ತುಂಬಿದ ದಿನ ಮ್ಯಾನೇಜರರು ಡ್ರಾಯರಿನಿಂದ ನೋಟಿಸ್ ತೆಗೆದು ಸಹಿ ಹಾಕಿದರು.

ಹರಿಹರದ ಲ್ಯಾಬಿನಲ್ಲಿ ಮೊದಲ ದಿನ. ಕೈಗೆ ಗ್ಲೌಸು, ಎದುರಿಗೆ ಮೆಕ್ಕೆಜೋಳದ ಹಿಟ್ಟು, ಸಾಲಾಗಿ ಗಾಜಿನ ಸೀಸೆ. ಫೋನು ಅರಚಿತು, ಮ್ಯಾನೇಜರರದು. ಎತ್ತಲಿಲ್ಲ. ಕೈಯಲ್ಲಿದ್ದ ಪರೀಕ್ಷೆ ಮುಗಿಸಿ, ಬುತ್ತಿ ಬಿಚ್ಚುವಾಗ ನಾನೇ ಫೋನು ಮಾಡಿದೆ.

"ಏನಾತು ಸಾರ್?"

"ಏನಿಲ್ಲ ತಾಯಿ. ಮಲೇಬೆನ್ನೂರಿನ ಲಾರಿ ಹೋತು. ಸರಿಯಾಗೇ ಹೋತು."

"ಯಾರು ತುಂಬಿಸಿದ್ದು?"

"ಇನ್ಯಾರು, ಅವ್ರೇ. ನಾನು ನಿನ್ ಕಿಟಕಿ ಹತ್ರ ಕೈ ಹಿಂದೆ ಕಟ್ಕಂಡು ನಿಂತಿದ್ದೆ."