ಗುಂಗುರು ಕೂದಲಿಗೆ ಬಾವಿಯ ನೀರಿಲ್ಲ

ಬಾಡಿಗೆಯ ಮಾತು ಮುಗಿಯುವ ಮೊದಲೇ ಮನೆಯೊಡತಿ ನನ್ನ ಜಡೆ ಹಿಡಿದು ಜಗ್ಗಿದಳು. ಯಲ್ಲಾಪುರದಲ್ಲಿ ಬಸ್ಸಿಳಿದು ಬಂದವಳು ಇನ್ನೂ ಕಾಲಿನ ಧೂಳು ತೊಳೆದಿರಲಿಲ್ಲ. ನೋವಿಗೆ "ಯವ್ವಾ" ಎಂದು ಕಿರುಚಿದೆ.

"ಸ್ವಂತದ್ದೇಯಾ ಅಕ್ಕೋರೇ! ಎಂತಾ ಗುಂಗುರು ಇದು! ಆನು ಚೌರಿ ಹೇಳಿ ಮಾಡಿದ್ದೆ" ಎಂದಳು ದೇವಕ್ಕ; ಸೇರಿಸಿ ಕಟ್ಟಿದ ಸುಳ್ಳು ಕೂದಲೆಂದು ಜಗ್ಗಿದ್ದಳಂತೆ. ತಪ್ಪಾಯಿತು ಅನ್ನಲಿಲ್ಲ. ಕೀಲಿಕೈ ಕೊಟ್ಟಳು.

ಕನ್ನಡ ನಾಡು ಒಂದಾದ ಮರುವರ್ಷ ಹೆಣ್ಣುಮಕ್ಕಳ ಶಾಲೆಗೆ ನೇಮಕವಾಗಿ ಹಾವೇರಿ ಕಡೆಯಿಂದ ಇಲ್ಲಿಗೆ ಬಂದೆ. ಶಿಕ್ಷಕಿಗೆ ಇಲ್ಲಿ ಅಕ್ಕೋರು ಎನ್ನುತ್ತಾರೆ. ನಮ್ಮಲ್ಲಿ "ಬರ್ರಿ, ಕೂಡ್ರಿ" ಎಂದರೇ ಅರ್ಧ ದಣಿವು ಹೋಗುತ್ತದೆ. ಇಲ್ಲಿ "ಆಸ್ರಿಗೆ ಬೇಕಾ?" ಎಂದು ಕೇಳುತ್ತಾರೆ, ಆಸ್ರಿ ಎಂದರೆ ಬಾಯಾರಿ ಬಂದವರಿಗೆ ಕುಡಿಯಲು ಕೊಡುವುದು. ಎಷ್ಟು ಚಂದದ ಮಾತು! ಕೊಡುವ ಮೊದಲು ಜಾತಿ ಕೇಳುತ್ತಾರೆ ಎಂಬುದು ಆಮೇಲೆ ತಿಳಿಯಿತು. ಅಲ್ಲಿ ಜೋಳದ ರೊಟ್ಟಿ, ಖಾರ ಚಟ್ನಿ. ಇಲ್ಲಿ ತಂಬ್ಳಿ, ಅಂದರೆ ಸೊಪ್ಪು ಅರೆದು ಮಜ್ಜಿಗೆಗೆ ಕಲಸಿದ ತಣ್ಣನೆಯ ಸಪ್ಪೆ. ಮೊದಮೊದಲು ಅದನ್ನುಂಡು ಅತ್ತಿದ್ದೇನೆ. ಕಡೆಗೊಂದು ದಿನ ನಾನೇ ಒಂದೆಲಗ ಕಿತ್ತು ತಂಬ್ಳಿ ಮಾಡಿದಾಗ ಊರು ಗೆದ್ದಷ್ಟು ಹಿಗ್ಗಿದೆ. ನಾವು ಲಿಂಗವಂತರು, ಮಾಂಸ ಮುಟ್ಟುವವರಲ್ಲ ಎಂದು ದೇವಕ್ಕ ತನ್ನ ಬಾವಿಯ ನೀರು ಸೇದಲು ಬಿಟ್ಟಿದ್ದಳು.

ಊರಲ್ಲಿ ಅವ್ವನಿಗೂ ನನ್ನ ಕೂದಲಿಗೂ ಹುಟ್ಟಿದಾಗಿನಿಂದ ಜಗಳ. ಎಣ್ಣೆ ಸುರಿದು, ಹುಬ್ಬು ಮೇಲೇರುವಂತೆ ಬಿಗಿದು ಹೆಣೆಯುತ್ತಿದ್ದಳು. "ಬಿಚ್ಚಿದರ ದೆವ್ವ ಆಗ್ತಿ. ಯಾವಂ ಮಾಡ್ಕೋತಾನ ನಿನ್ನ?" ಎಂಬುದು ಅವಳ ನಿತ್ಯದ ಮಂತ್ರ. ಇಲ್ಲಿ ಹೆಣೆಯಲು ಅವ್ವನಿಲ್ಲ. ಒಂದು ಭಾನುವಾರ ತಲೆಗೆ ನೀರು ಹಾಕಿಕೊಂಡು, ಹಿತ್ತಲ ಕಟ್ಟೆಯ ಮೇಲೆ ಕೂದಲು ಹರವಿ ಕೂತೆ.

ದೇವಕ್ಕನ ಕೊಟ್ಟಿಗೆಗೆ ಸೊಪ್ಪು ತರುವ ಗಂಗೆ ಹೊರೆ ಇಳಿಸಿ ನಿಂತುಬಿಟ್ಟಳು. ಅವಳ ಮಗಳು ನನ್ನ ತರಗತಿಯವಳೇ. ಗಂಗೆ ಸಿದ್ದಿಯವಳು, ಅವರ ಹಿರೀಕರು ಎಂದೋ ಆಫ್ರಿಕಾದಿಂದ ಬಂದು ಈ ಕಾಡಂಚಿನವರೇ ಆಗಿಹೋದವರು.

"ಅಯ್ಯೋ ಅಕ್ಕೋರೇ, ನಮ್ಮ ಕೇರಿಲಿ ಹುಟ್ಬೇಕಾದೋರು ದಾರಿ ತಪ್ಪಿದ್ರಲ್ಲ!" ಎಂದು ನಕ್ಕಳು.

ನಾನೂ ನಕ್ಕೆ. ಪಕ್ಕದಲ್ಲಿ ಕೂರಿಸಿಕೊಂಡೆ. ನನ್ನ ಕೂದಲನ್ನು ಅವಳು ಮುಟ್ಟಿದಳು, ಅಂಥದೇ ಗುಂಗುರಿನ ಅವಳದನ್ನು ನಾನು. ಜನ್ಮದಲ್ಲಿ ಮೊದಲ ಸಲ ನನ್ನ ತಲೆ ನನಗೆ ಚಂದ ಅನ್ನಿಸಿತು.

ದೇವಕ್ಕ ಒಳಗಿನಿಂದ ನೋಡಿದ್ದಳು. ಮರುದಿನ ಬಾವಿಯ ಹಗ್ಗ ಕೈಯಿಂದ ಕಿತ್ತುಕೊಂಡಳು. "ಇನ್ನು ಬಾವಿ ಮುಟ್ಟಡಿ. ನಿಂಗಳಲ್ಲಿ ಸಿದ್ದಿಯವ್ರ ನೆತ್ತರು ಇದ್ದು ಹೇಳಿ ಜನ ಮಾತಾಡ್ತ. ನಿಂಗಳ ಆಯಿ ಬಂದು ಕುಲ ಹೇಳ್ಲಿ, ಇಲ್ಲದಿದ್ರೆ ಕೋಣೆ ಬಿಡಿ."

ಸಿದ್ದಿಯವಳೇ ಆದರೂ ನೀರಿಗೇನು ಹುಳ ಬೀಳುತ್ತದೆಯೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಒಂಟಿ ಹೆಂಗಸಿಗೆ ಕೋಣೆ ಕೊಡುವವರು ಬೇರೆ ಯಾರೂ ಇರಲಿಲ್ಲ. ಕೋಣೆ ಹೋದರೆ ನೌಕರಿಯೂ ಹೋದಂತೆಯೇ. ಆಯಿ ಎಂದರೆ ಇಲ್ಲಿ ತಾಯಿ; ಅವ್ವನಿಗೆ ಹೇಳಿಕಳಿಸಿದೆ.

ಅವ್ವ ಬಂದು ಅಂಗಳದಲ್ಲಿ ನಿಂತಾಗ ನನ್ನ ದಡ್ಡತನ ನನಗೆ ಹೊಳೆಯಿತು. ಅವ್ವನ ಕೂದಲು ನೆಟ್ಟಗೆ, ನುಣ್ಣಗೆ, ದಾರ ಇಳಿಬಿಟ್ಟಂತೆ. ದೇವಕ್ಕ ಅವಳ ತಲೆಯ ಮೇಲಿನ ಸೆರಗು ಸರಿಸಿಯೇ ನೋಡಿದಳು.

"ಆಯಿಗೆ ಹಿಂಗಿದ್ದು, ಮಗಳಿಗೆ ಹಂಗಿದ್ದು. ಹಂಗಾರೆ ಅಪ್ಪ ಯಾರಡ?"

"ಬಾಯಿ ಸಂಭಾಳಿಸಿ ಮಾತಾಡ್ರಿ! ಇಕಿ ಅಪ್ಪನ ಅವ್ವಗ ಹಿಂಗ ಇತ್ತು."

"ಅದ್ನ ನೋಡ್ದವ್ವು ಯಾರಿದ್ದ ಇಲ್ಲಿ?"

ಯಾರೂ ಇರಲಿಲ್ಲ. ಅಜ್ಜಿ ಸತ್ತು ಎಷ್ಟೋ ವರ್ಷಗಳಾಗಿದ್ದವು. ಅವ್ವನ ಮುಖ ಸುಟ್ಟ ಬದನೆಕಾಯಿಯಂತಾಯಿತು. ಆ ಸಿಟ್ಟು ದೇವಕ್ಕನ ಮೇಲೆ ತಿರುಗಬೇಕಿತ್ತು. ನನ್ನ ಮೇಲೆ ತಿರುಗಿತು. "ಕಟ್ಕೋ ಕಟ್ಕೋ ಅಂತ ಬಾಯಿ ಬಡ್ಕೊಂಡೆ. ಈ ವಯಸ್ಸಿನ್ಯಾಗ ನನ್ನ ಮಾನ ಕಳದಿ" ಎಂದು, ಒಂದು ಗುಟುಕು ನೀರೂ ಕುಡಿಯದೆ ಮಧ್ಯಾಹ್ನದ ಬಸ್ಸಿಗೆ ಹೊರಟುಹೋದಳು. ನನ್ನ ಟ್ರಂಕು ಜಗಲಿಗೆ ಬಂತು.

ನೆಟ್ಟಗೆ ಗಂಗೆಯ ಮನೆಗೆ ನಡೆದೆ. ನಾವಿಬ್ಬರೂ ಒಂದೇ ಎಂಬ ಹುಚ್ಚು ಧೈರ್ಯ. ಗಂಗೆ ಬಾಗಿಲಲ್ಲೇ ನಿಂತಳು.

"ಬಾವಿ ಇದ್ದಾಗ ನಮ್ಮ ಕೇರಿ ನೆನಪಾಗ್ಲಿಲ್ಲ ಅಕ್ಕೋರೇ. ನಿಮ್ಮನ್ನ ಇಟ್ಕೊಂಡ್ರೆ ನಾಳೆ ದೇವಕ್ಕಮ್ಮ ನಂಗೆ ಕೆಲ್ಸ ಕೊಡ್ತಾರಾ?"

"ನಾನೂ ನಿನ್ನಂಗ ಅಲ್ಲೇನ ಗಂಗೆ? ನೀನ ಹಂಗ ಅಂದಿದ್ದಿ ಅಲ್ಲ?"

"ಅದು ನಗೆಮಾತು. ನಿಮ್ದು ಬಿಗಿದು ಕಟ್ಟಿದ್ರೆ ಮುಚ್ಚಿ ಹೋಗ್ತದೆ, ಊರಿಗೆ ಹೋಗ್ತೀರಿ. ನಾವು ಈ ಮೋರೆ ಎಲ್ಲಿ ಮುಚ್ಚಿಡೋದು?"

ಶಾಲೆಯ ಹಿಂದೆ ಕಟ್ಟಿಗೆ ತುಂಬುವ ಕೋಣೆಯಲ್ಲಿ ನನ್ನ ಬಿಡಾರವಾಯಿತು. ವರ್ಷಗಳು ಕಳೆದಿವೆ, ಈಗ ನನ್ನ ಬಾಯಲ್ಲೂ "ಏನು" ಹೋಗಿ "ಎಂತ" ಬರುತ್ತದೆ. ನಮ್ಮೂರಿನ ಮಂದಿ ಅದಕ್ಕೂ ನಗುತ್ತಾರೆ. ಗಂಗೆ ಇಂದಿಗೂ ಎದುರು ಸಿಕ್ಕರೆ ಮಗಳ ಓದು ಕೇಳುತ್ತಾಳೆ, ಅಷ್ಟೇ. ಅವಳ ಮಾತು ಮಾತ್ರ ಮುರಿದ ಮುಳ್ಳಿನಂತೆ ಒಳಗೇ ಉಳಿಯಿತು, ಯಾಕೆಂದರೆ ಅದು ನಿಜವಾಗಿತ್ತು. ಪ್ರತಿ ರಜೆಗೂ ಊರಿಗೆ ಹೋಗುವಾಗ ಮುಂಡಗೋಡ ದಾಟಿದೊಡನೆ ಬಸ್ಸಿನಲ್ಲೇ ಎಣ್ಣೆ ಸವರಿ ಬಿಗಿದು ಕಟ್ಟುತ್ತಿದ್ದೆ.

ಈ ದೀಪಾವಳಿಗೆ ಕಟ್ಟಲಿಲ್ಲ. ಬಿಚ್ಚುಗೂದಲಲ್ಲೇ ಊರಲ್ಲಿ ಇಳಿದು, ಓಣಿಯುದ್ದಕ್ಕೂ ನಡೆದು, ಮನೆಯ ಕದ ತಟ್ಟಿದೆ. ಅವ್ವ ಬಾಗಿಲು ತೆರೆದಳು. ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದಳು. ಅವಳ ಕಣ್ಣುಗಳು ಇನ್ನೂ ಸೂಜಿಗೆ ದಾರ ಪೋಣಿಸುವಷ್ಟು ಚುರುಕಾಗಿವೆ.

"ಯಾರು ಬೇಕಾಗಿತ್ರೀ ನಿಮಗ?" ಎಂದಳು.