ಸೈಕಲ್ ಇಳಿದ ಮೇಲಿನ ಓಟ

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸಬೇಕಾದ ಟ್ರಯಥ್ಲಾನ್‌ಗೆ ತಯಾರಿ ಶುರು ಮಾಡಿದಾಗ ನನಗೆ ನಲವತ್ತೆರಡು. ಸೈಕಲ್ ಇಳಿದು ಓಡಲು ಹೋದರೆ ಕಾಲು ಕೊರಡಾಗುತ್ತಿತ್ತು. ಮೈಸೂರಿನಲ್ಲಿ ಹೇಳಿಕೊಡುವವರು ಯಾರೂ ಸಿಗದೆ, ರಾಮಕೃಷ್ಣನಗರದ ಸೈಬರ್ ಕೆಫೆಯಲ್ಲಿ ಕೂತು ಓಟಗಾರರ ವೆಬ್‌ಸೈಟೊಂದರಲ್ಲಿ ಹರುಕುಮುರುಕು ಇಂಗ್ಲಿಷಿನಲ್ಲೇ ಕೇಳಿದೆ. ಅರವತ್ತು ದಾಟಿದ ವಿದೇಶಿ ಮಹಿಳೆಯೊಬ್ಬರು ಉತ್ತರ ಬರೆದರು: ‘ಇಳಿದ ಕೂಡಲೇ ಪುಟ್ಟ ಪುಟ್ಟ ಹೆಜ್ಜೆ ಹಾಕು. ಕಾಲು ತಾನಾಗಿ ದಾರಿಗೆ ಬರುತ್ತದೆ.’

ಮರುದಿನ ಬೆಳಿಗ್ಗೆ ಹೆಬ್ಬಾಳದವರೆಗೆ ಸೈಕಲ್ ತುಳಿದು ಮನೆಗೆ ವಾಪಸ್ ಬಂದವಳೇ ಅದನ್ನು ಗೇಟಿಗೆ ಒರಗಿಸಿ ಓಡತೊಡಗಿದೆ.

ಪಕ್ಕದ ಮನೆಯ ಅಜ್ಜಿ, “ಸೈಕಲ್ ಬುಟ್ಟು ಯಾಕಮ್ಮ ಓಡ್ತೀಯ? ಪಂಚರ್ರಾ?” ಎಂದರು.

“ಇಲ್ಲ ಕಣಜ್ಜಿ, ಕಾಲಿಗೆ ಪಾಠ ಹೇಳ್ತಿದೀನಿ!”

ಮೂರು ವಾರದಲ್ಲಿ ಕಾಲು ಪಾಠ ಕಲಿತಿತು. ಮೊದಲ ಸ್ಪರ್ಧೆಯಲ್ಲಿ ನನ್ನ ಹಿಂದೆ ಇದ್ದದ್ದು ಒಬ್ಬರೇ. ಆದರೂ ನಾನು ಒಮ್ಮೆಯೂ ನಡೆಯಲಿಲ್ಲ, ಓಡಿಯೇ ಮುಗಿಸಿದೆ.