ಊರಿಗೊಂದು ಗಂಟು

ಯಲಬುರ್ಗಾ ಕಡೆಯ ಮಂಗಳೂರಿಗೆ ಸಮುದ್ರವಿಲ್ಲ. ಆದರೆ ಮದಾರಸಾಬ ಇದ್ದಾನೆ. ಕಣ್ಣು ಮುಚ್ಚಿ, ಕೈ ಬೆನ್ನ ಹಿಂದೆ ಚಾಚಿ, ಹಳೆ ಕಚೇರಿ ಕಾಗದಗಳನ್ನು ಅರಿವೆಯಲ್ಲಿ ಸುತ್ತಿ ಕಟ್ಟಿದ ಬಸ್ತಾದ ಗಂಟು ಮುಟ್ಟಿದರೆ ಸಾಕು, "ಇದು ಹುಲಿಹೈದರ", "ಇದು ಕಾರಟಗಿ" ಎಂದು ಊರಿನ ಹೆಸರು ಹೇಳಿಬಿಡುವ ಗಂಡುಗಲಿ. ಅವನ ಬೆರಳಿಗೆ ಕಣ್ಣಿವೆ ಎಂದರು ಕೆಲವರು. ಸತ್ತ ಗುಮಾಸ್ತರು ಕಿವಿಯಲ್ಲಿ ಉಸುರುತ್ತಾರೆ ಎಂದರು ಇನ್ನು ಕೆಲವರು. ಸುದ್ದಿ ಕುಷ್ಟಗಿ ಮುಟ್ಟುವಷ್ಟರಲ್ಲಿ, ನೂರು ವರ್ಷದ ಹಿಂದಿನ ತಹಸೀಲ್ದಾರ ಅಂದು ಏನು ಉಂಡಿದ್ದನೆಂಬುದನ್ನೂ ಅವನು ಗಂಟು ಮೂಸಿ ಹೇಳತೊಡಗಿದ್ದ.

ಅವನ ಅಜ್ಜ ನಿಜಾಮರ ಕಾಲದ ಕಚೇರಿಯಲ್ಲಿ ಬಸ್ತಾ ಕಟ್ಟುವ ಜವಾನ. ಊರಿಗೊಂದು ಬಗೆಯ ಗಂಟು. ಮೇಲೆ ಹೆಸರು ಬರೆಯುವ ಪದ್ಧತಿಯೇ ಇರಲಿಲ್ಲ. ಕಚೇರಿಯ ಮಾಳಿಗೆ ಕುಸಿದಾಗ ಅಪ್ಪ ಬಸ್ತಾಗಳನ್ನೆಲ್ಲ ಬಂಡಿಯಲ್ಲಿ ಹೇರಿ ಮನೆಗೆ ತಂದ. ಕೇಳಲು ಯಾರೂ ಬರಲಿಲ್ಲ. ಗಾದಿ ಹೊಲಿದು ಬದುಕಿದ ಮದಾರಸಾಬ ವರ್ಷಕ್ಕೊಮ್ಮೆ ಅವಕ್ಕೆ ಬಿಸಿಲು ತೋರಿಸಿ ಗಂಟು ಬಿಗಿಮಾಡಿದ. ಬಿಚ್ಚಲಿಲ್ಲ. ಬಿಚ್ಚಿದವರ ಕೈ ಬಿದ್ದುಹೋಗುತ್ತದೆ ಎಂದು ಅಪ್ಪ ಹೇಳಿದ್ದ.

ಅವುಗಳಲ್ಲೊಂದು ಮನೆತನದ ಸ್ವಂತ ಬಸ್ತಾ. ಖಬರಸ್ತಾನದ ಬೇವಿನ ಮರದ ಕೆಳಗಿನ ಜಾಗ ಇವರಿಗೆಂದು ಬರೆದುಕೊಟ್ಟ ಹಾಳೆ ಅದರಲ್ಲಿತ್ತು. ಹೆಂಡತಿ ಹಜರತಬೀ ಅಲ್ಲೇ ಮಲಗಿದ್ದಾಳೆ. ಪಕ್ಕದಲ್ಲಿ ಆರಡಿ ಖಾಲಿ.

ಎರಡು ವರ್ಷದ ಹಿಂದೆ ವಿಶ್ವವಿದ್ಯಾಲಯದ ಪತ್ರಾಗಾರದವರು ಬಂದು, ಹಾರ ಹಾಕಿ, ಎಲ್ಲವನ್ನೂ ವ್ಯಾನಿಗೆ ತುಂಬಿಕೊಂಡರು. "ನಮ್ಮದೂ ಒಯ್ರಿ, ಇಲ್ಲಿ ಇಲಿ ತಿಂತಾವ," ಎಂದು ಮದಾರಸಾಬ ತಾನೇ ಹೊತ್ತುಕೊಟ್ಟಿದ್ದ.

ಈಗ ಖಬರಸ್ತಾನದ ಕಮಿಟಿಯ ಜಮೀರ ಬಂದ. "ಚಾಚಾ, ಬೇವಿನ ಗಿಡದ ಬಾಜೂಕ ನೀರಿನ ಟಾಕಿ ಕಟ್ಟಾಕತ್ತೀವಿ. ಜಾಗಾ ನಿಮ್ಮದಂದ್ರ ಶುಕ್ರವಾರದೊಳಗ ಕಾಗದ ತೋರಿಸ್ರಿ."

ಕಾಗದ ತರಲು ಪತ್ರಾಗಾರಕ್ಕೆ ಹೊರಟವನನ್ನು ಬಸ್ ಸ್ಟ್ಯಾಂಡಿನಲ್ಲಿ ಗೆಳೆಯ ಕುಬೇರಪ್ಪ ಕೆಣಕಿದ: "ಸಾಯಾಕ ಇಷ್ಟ್ಯಾಕ ಅವಸರಲೇ ಮದಾರ?"

"ಸಾಯಾಕ ಅವಸರಿಲ್ಲೋ. ಮಲಗಾಕ ಜಾಗಾ ಹಿಡೀಬೇಕಲ್ಲ."

ಪತ್ರಾಗಾರದ ಅಧಿಕಾರಿ ಸಹನಾ ಬಾಗಿಲಿಗೇ ಓಡಿಬಂದಳು. "ದೇವರು ಬಂದಂಗ ಬಂದ್ರಿ, ಚಾಚಾ! ನೋಡ್ರಿ, ಎಷ್ಟು ಛಲೋ ಇಟ್ಟೀವಿ."

ನಿಜವಾಗಿಯೂ ಛಲೋ ಇತ್ತು. ಗೋಡೆತುಂಬ ಬೂದುಬಣ್ಣದ ಪೆಟ್ಟಿಗೆಗಳು. ಹುಡುಕಿದರೂ ಒಂದು ಗಂಟಿಲ್ಲ.

"ಎರಡ ವರ್ಷ ಕುಂತು ಒಂದೊಂದ ಗಂಟು ಬಿಚ್ಚೀವಿ, ಕತ್ತರಿ ಮುಟ್ಟಿಸಿಲ್ಲ! ಧೂಳ ಹೊಡದು, ಎಲ್ಲಾ ಬಸ್ತಾದ ದೊಡ್ಡ ಹಾಳಿ ಒಂದ ಕಡಿ, ಸಣ್ಣವು ಒಂದ ಕಡಿ ಇಟ್ಟೀವಿ. ಕಟ್ಟಿದ್ದ ಅರಿವಿ ಸುದ್ದಾ ಒಗದು ಇಸ್ತ್ರಿ ಮಾಡೀವ್ರಿ."

ಒಂದೇ ತಪ್ಪಿಗೆ ಇಷ್ಟು ಶ್ರದ್ಧೆ ಸುರಿದವರು ಚರಿತ್ರೆಯಲ್ಲಿ ಅಪರೂಪ.

"ಉರ್ದು ಮಾಸ್ತರನ್ನ ಕರಸಿದ್ವಿ," ಎಂದಳು ಸಹನಾ. "ಇದು ಬರವಣಿಗಿ ಅಲ್ಲ, ಇರುವಿ ಸಾಲು ಅಂತಂದು ಹೋದ್ರು. ಇನ್ನ ನೀವ ನಮಗ ದಿಕ್ಕು. ಮೊದಲ ನಿಮ್ಮ ಹಾಳಿ ತಕ್ಕೊಳ್ರಿ. ಆಮ್ಯಾಲ ಯಾವುದು ಯಾವ ಊರಿಂದಂತ ಓದಿ ಹೇಳ್ರಿ."

ಜಗತ್ಪ್ರಸಿದ್ಧ ಬೆರಳುಗಳಿಗೆ ಬಿಳಿ ಕೈಗವಸು ತೊಡಿಸಿದರು. ಸಿಬ್ಬಂದಿ ಮೊಬೈಲ್ ಎತ್ತಿ ಹಿಡಿದರು. ಮದಾರಸಾಬ ಪೆಟ್ಟಿಗೆಗಳತ್ತ ಹೋಗಲಿಲ್ಲ. ಮೂಲೆಯಲ್ಲಿ ಮಡಚಿಟ್ಟ ಕೆಂಪು ಅರಿವೆಯೊಂದನ್ನು ಬಿಡಿಸಿ, ನಾಲ್ಕೂ ತುದಿ ಸವರಿದ. ಗಂಟಿನ ಒಂದು ಸುಕ್ಕೂ ಉಳಿದಿರಲಿಲ್ಲ. ಮತ್ತೆ ಮಡಚಿ, ಇದ್ದಲ್ಲೇ ಇಟ್ಟ.

"ನನಗ ಓದಾಕ ಬರಂಗಿಲ್ರಿ, ಬಾಯಾರ," ಎಂದ. "ಗಂಟಷ್ಟ ಗೊತ್ತಿತ್ತು."